ಕೃತಿಸ್ವಾಮ್ಯವೂ ವೃತ್ತಪತ್ರಿಕೆಗಳ ಭಾಷೆಯೂ

೨೦೧೬ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಅಂತರ್ಜಾಲದ ನಿಷೇಧಿತ ತಾಣವನ್ನು ನೋಡಿದ ಮಾತ್ರಕ್ಕೆ ೩ ವರ್ಷ ಸೆರೆಯೂ ೩ ಲಕ್ಷ ರೂಪಾಯಿ ಜುಲ್ಮಾನೆಯೂ ಒದಗುವುದೆಂದು ಭಾರತದ ಕೆಲವು ಪತ್ರಿಕೆಗಳು ಸಾರಿದುವು. ಇದಕ್ಕೆ ಆಧಾರವಾದುದು ಅಂಥ ತಾಣವನ್ನು ತೆರೆದಾಗ ಕಾಣುತ್ತಿದ್ದ ಎಚ್ಚರಿಕೆಯ ಒಕ್ಕಣೆಯೇ ಹೊರತು ಶಾಸನವಲ್ಲ.

೧೯೫೭ರ ಕೃತಿಸ್ವಾಮ್ಯ ಶಾಸನದ ೬೩ನೆಯ ಕಲಮು ದಂಡಿಸುವುದು ಸ್ವಾಮ್ಯವನ್ನು ತಿಳಿದೂ ಉಲ್ಲಂಘಿಸುವವನನ್ನು ಮತ್ತು ಅದಕ್ಕೆ ಪ್ರೇರಿಸುವವನನ್ನು. ಅಲ್ಲಿ ವಿಧಿಸಿರುವ ಜುಲ್ಮಾನೆಯ ಪರಮಾವಧಿಯೂ ೨ ಲಕ್ಷವೇ. ಅದೇ ವರ್ಷ ‘ಢಿಶೂಮ್’ ಚಲಚ್ಚಿತ್ರದ ವ್ಯಾಜ್ಯದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು, ಅಪರಾಧವಿರುವುದು ನೋಡುವುದರಲ್ಲಿ ಅಲ್ಲ, ಅನುಮತಿಯಿಲ್ಲದೆ ಹಂಚುವುದರಲ್ಲಿ, ಬಹಿರಂಗವಾಗಿ ಪ್ರದರ್ಶಿಸುವುದರಲ್ಲಿ, ಮಾರಾಟಕ್ಕೋ ಬಾಡಿಗೆಗೋ ಕೊಡುವುದರಲ್ಲಿ ಎಂದು ವಿಶದಪಡಿಸಿತು.

ಇದರಿಂದ ‘ಡೌನ್‌ಲೋಡ್’ ಎಂಬುದು ಸರ್ವಥಾ ನಿರ್ದೋಷವೆಂದು ಭಾವಿಸಲಾಗದು. ೧೪ನೆಯ ಕಲಮಿನ ಪ್ರಕಾರ ಕೃತಿಯನ್ನು ವಿದ್ಯುನ್ಮಾನ ಸಾಧನದಲ್ಲಿ ಶೇಖರಿಸುವ ಹಕ್ಕೂ ಸ್ವಾಮ್ಯವುಳ್ಳವನದೇ. ಗ್ರಂಥಾದಿಗಳನ್ನು ಸ್ವಂತ ಉಪಯೋಗಕ್ಕೂ ಸಂಶೋಧನೆಗೂ ನ್ಯಾಯೋಚಿತವಾಗಿ ಬಳಸಿಕೊಳ್ಳಲು ೫೨ನೆಯ ಕಲಮು ಆಸ್ಪದವಿತ್ತಿದೆ.

ನೋಡುವುದು, ಪ್ರತಿಮಾಡಿಕೊಳ್ಳುವುದು, ಹಂಚುವುದು ಎಂಬಿವು ಮೂರು ಬೇರೆ ಬೇರೆ ಕ್ರಿಯೆಗಳು. ಪತ್ರಿಕೆಗಳು ಇವನ್ನು ಒಂದೇ ಎಂಬಂತೆ ಬರೆದರೆ, ಅಧ್ಯಾಪಕನು ಸಲ್ಲುವ ವ್ಯಾಸಂಗಕ್ಕೂ ಅಂಜಿಯಾನು. ಸಲ್ಲದ ಹಂಚಿಕೆಯನ್ನು ಅರಿಯದೆ ಮಾಡಿಯಾನು.