ಹೊಗೆ ಹೊರಗೆ, ಶಾಖ ಒಳಗೆ: ಬಿಸಿಗಾಳಿ ಮನೆಗಳ ಕಥೆ

ಶ್ರಾವಣದ ಜಡಿಮಳೆಯ ದಿನಗಳಲ್ಲಿ ಅರಕಲಗೂಡಿನಿಂದ ರಾಮನಾಥಪುರದ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಯ ಹೊಲಗಳ ನಡುವೆ ಕಿಟಕಿಯೇ ಇಲ್ಲದ ಎತ್ತರದ ಚೌಕ ಮನೆಗಳು ಕಾಣುತ್ತವೆ. ಪಕ್ಕದಲ್ಲೊಂದು ಚಿಮಣಿ, ಬುಡದಲ್ಲೊಂದು ಒಲೆಬಾಯಿ, ಹತ್ತಿರದಲ್ಲೇ ಸೌದೆಯ ರಾಶಿ. ಇವು ತಂಬಾಕಿನ ಬ್ಯಾರನ್ನುಗಳು. ರಾಮನಾಥಪುರಕ್ಕೆ ಬರುವ ಯಾತ್ರಿಕರು ರಾಮೇಶ್ವರ ಗುಡಿಯನ್ನೂ, ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳನ್ನೂ ನೋಡಿ ಹೋಗುತ್ತಾರೆ. ವಹ್ನಿ ಎಂದರೆ ಬೆಂಕಿ. ನಿಜವಾದ ಬೆಂಕಿ ವರ್ಷಕ್ಕೆ ಮೂರು ನಾಲ್ಕು ತಿಂಗಳು ಹಗಲೂ ರಾತ್ರಿ ಉರಿಯುವುದು ಸುತ್ತಲಿನ ಹಳ್ಳಿಗಳ ಈ ಬ್ಯಾರನ್ನುಗಳಲ್ಲಿ.

ಹೊರದೇಶಗಳಲ್ಲಿ ಕಾರ್ಖಾನೆ, ಶಾಲೆ, ಚರ್ಚುಗಳನ್ನು ಬೆಚ್ಚಗಿಡಲು ದೊಡ್ಡ ಬಿಸಿಗಾಳಿ ಯಂತ್ರಗಳನ್ನು ಕೂರಿಸುತ್ತಾರೆ. ನಮ್ಮ ಸೀಮೆಯಲ್ಲಿ ಮನುಷ್ಯರಿಗೆ ಅದರ ಅಗತ್ಯ ಕಡಿಮೆ. ಹಾಸನ ಮೂರು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿದ್ದರೂ ಪುಷ್ಯದ ಚಳಿಗೆ ಕಂಬಳಿ ಸಾಕು. ಬಿಸಿಗಾಳಿ ಬೇಕಾಗಿರುವುದು ಎಲೆಗೆ, ಹುಳುವಿಗೆ, ಕೋಳಿಮರಿಗೆ. ಆದರೆ ಒಂದು ಕಟ್ಟಡದೊಳಗೆ ಬೆಂಕಿಯ ಶಾಖವನ್ನು ತಂದು, ಬೆಂಕಿಯನ್ನೂ ಅದರ ಹೊಗೆಯನ್ನೂ ಹೊರಗಿಡುವ ಪಾಠ ಎಲ್ಲ ಕಡೆಯೂ ಒಂದೇ. ಅದನ್ನು ಕಲಿಯಲು ಬ್ಯಾರನ್ನಿಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗಲಾರದು.

ಒಲೆ ಹೊರಗೆ, ಕೊಳವೆ ಒಳಗೆ

ಬ್ಯಾರನ್ನಿನ ಒಲೆಗೆ ಸೌದೆ ಹಾಕುವುದು ಹೊರಗಿನಿಂದ. ಉರಿಯ ಬಿಸಿಯೂ ಹೊಗೆಯೂ ತಗಡಿನ ದಪ್ಪ ಕೊಳವೆಗಳ ಮೂಲಕ ಒಳಗೆ ನೆಲದ ಮೇಲೆ ಸುತ್ತು ಹೊಡೆದು ಚಿಮಣಿಯಿಂದ ಹೊರಬೀಳುತ್ತವೆ. ಕೊಳವೆ ಕಾದು ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಗುರಾಗಿ ಮೇಲೇರಿ, ಸಾಲುಸಾಲಾಗಿ ಕಡ್ಡಿಗೆ ಕಟ್ಟಿ ತೂಗುಹಾಕಿದ ಎಲೆಗಳ ನಡುವೆ ಹಾದು, ತೇವವನ್ನು ಹೊತ್ತು ಮೇಲಿನ ಗವಾಕ್ಷಿಯಿಂದ ಹೊರಹೋಗುತ್ತದೆ. ಕೆಳಗಿನ ಕಿಂಡಿಗಳಿಂದ ತಣ್ಣನೆಯ ಗಾಳಿ ಒಳಬರುತ್ತದೆ. ಫ್ಯಾನೂ ಇಲ್ಲ, ಮೋಟಾರೂ ಇಲ್ಲ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಬಹುದು. ಬ್ಯಾರನ್ನು 16 ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ ಎಂದಿಟ್ಟುಕೊಂಡರೆ ಅದರೊಳಗಿನ ಜಾಗ ಸುಮಾರು 116 ಘನ ಮೀಟರ್. ಸಮುದ್ರಮಟ್ಟದ ಲೆಕ್ಕದಲ್ಲಿ ಘನ ಮೀಟರಿಗೆ 1.2 ಕಿಲೋ ಎಂದರೆ ಒಳಗಿನ ಗಾಳಿ ಸುಮಾರು 140 ಕಿಲೋ ತೂಗುತ್ತದೆ. ಅದನ್ನು 20 ಡಿಗ್ರಿಯಿಂದ 70 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ಹಿಗ್ಗಿ, 20 ಕಿಲೋ ಗಾಳಿ ಹೊರದೂಡಲ್ಪಡುತ್ತದೆ. ಈ ತೂಕದ ವ್ಯತ್ಯಾಸವೇ ಗಾಳಿಯನ್ನು ಮೇಲೆಳೆಯುವ ಬಲ. ಚಿಮಣಿ ಹೊಗೆಯನ್ನು ಎಳೆಯುವುದೂ ಇದೇ ನಿಯಮದಿಂದ.

ಎಲೆ ಹದವಾಗಲು ಐದಾರು ದಿನ ಬೇಕು. ಮೊದಲು 30ರಿಂದ 40 ಡಿಗ್ರಿಯ ನಡುವಿನ ತೇವದ ಬಿಸಿಯಲ್ಲಿ ಅದು ಹಳದಿಗೆ ತಿರುಗಬೇಕು. ಅನಂತರ ಮೆಲ್ಲನೆ ಶಾಖ ಏರಿಸುತ್ತ ಎಲೆಯನ್ನು, ಕೊನೆಗೆ 70 ಡಿಗ್ರಿಯ ಹತ್ತಿರ ನಡುದಂಟನ್ನು ಒಣಗಿಸಬೇಕು. ಅವಸರಪಟ್ಟರೆ ಎಲೆ ಕಪ್ಪಾಗುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ. ತಂಬಾಕು ಮಂಡಳಿ ಹುಟ್ಟಿದ್ದು 1976ರಲ್ಲಿ. ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂದದ್ದು 1984ರಲ್ಲಿ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಬೇಲು ಬಿಚ್ಚಿದಾಗ ಕಾಣುವ ಬಣ್ಣ ಆ ಐದಾರು ರಾತ್ರಿಗಳ ಕಾವಲಿನ ಫಲ. ಆ ಕಾವಲಿನಲ್ಲಿ ಎಷ್ಟೋ ಮನೆಗಳ ಶಾಲಾ ಮಕ್ಕಳೂ ಕೂರುತ್ತಾರೆ ಎಂಬುದನ್ನು ಮರೆಯಬಾರದು.

ಗುಲಾಮನ ನಿದ್ದೆ

ಈ ವಿದ್ಯೆಯ ಮೂಲ ಅಮೆರಿಕದ ಉತ್ತರ ಕೆರೊಲಿನಾದಲ್ಲಿದೆ. 1839ರಲ್ಲಿ ಸ್ಟೀಫನ್ ಎಂಬ ಗುಲಾಮ ಯುವಕ ಬ್ಯಾರನ್ನಿನ ಬೆಂಕಿ ಕಾಯುತ್ತ ನಿದ್ದೆಹೋದನಂತೆ. ಎಚ್ಚರವಾದಾಗ ಬೆಂಕಿ ಆರುತ್ತ ಬಂದಿತ್ತು. ಗಾಬರಿಯಿಂದ ಅವನು ಇದ್ದಿಲು ತಂದು ಸುರಿದ. ಆ ಹೊಗೆಯಿಲ್ಲದ ಶಾಖಕ್ಕೆ ಎಲೆ ಚಿನ್ನದ ಬಣ್ಣ ತಾಳಿತು. ಅವನ ಒಡೆಯ ಅದರಿಂದ ಹೆಸರು ಮಾಡಿದ. ಮುಂದೆ ಇದ್ದಿಲಿನ ಬದಲು, ಹೊಗೆ ಎಲೆಗೆ ತಾಗದಂತೆ ಕೊಳವೆಯಲ್ಲಿ ಹರಿಸುವ ಪದ್ಧತಿ ಬಂತು.

ಇದರ ಮುಂದಿನ ಅಧ್ಯಾಯ ಇನ್ನೂ ಸ್ವಾರಸ್ಯಕರ. 1970ರ ದಶಕದ ಹೊತ್ತಿಗೆ ಅಲ್ಲಿನ ರೈತರು ಗ್ಯಾಸ್ ಬರ್ನರಿನ ಉರಿಯನ್ನು ನೇರವಾಗಿ ಬ್ಯಾರನ್ನಿನೊಳಗೆ ಬಿಡತೊಡಗಿದರು. ಕೊಳವೆಯ ಖರ್ಚು ಉಳಿಯಿತು. ಆದರೆ ಆ ಉರಿಯ ನೈಟ್ರೋಜನ್ ಆಕ್ಸೈಡುಗಳು ಎಲೆಯೊಂದಿಗೆ ಸೇರಿ ಕ್ಯಾನ್ಸರ್ ತರುವ ನೈಟ್ರೋಸಮೈನುಗಳನ್ನು ಹೆಚ್ಚಿಸುತ್ತವೆ ಎಂದು ಆ ಶತಮಾನದ ಕೊನೆಗೆ ಗೊತ್ತಾಯಿತು. ಸಾವಿರಾರು ಬ್ಯಾರನ್ನುಗಳಿಗೆ ಮತ್ತೆ ಶಾಖವನ್ನು ಮಾತ್ರ ದಾಟಿಸುವ ಲೋಹದ ಗೋಡೆ ಹಾಕಿಸಬೇಕಾಯಿತು. ಅರಕಲಗೂಡಿನ ತಗಡಿನ ಕೊಳವೆ ಮಾಡುತ್ತಿದ್ದುದೂ ಅದನ್ನೇ! (ಇದರಿಂದ ತಂಬಾಕು ನಿರಪಾಯವಾಗುತ್ತದೆ ಎಂದು ಯಾರೂ ತಿಳಿಯಬೇಕಿಲ್ಲ. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೇರಿ ತಲೆಸುತ್ತು, ವಾಂತಿ ತರುತ್ತದೆ. ಮಳೆಯಲ್ಲಿ ನೆನೆದ ಎಲೆ ಕೀಳಲು ಮಕ್ಕಳನ್ನು ಕಳಿಸದಿರುವುದು ಲೇಸು.)

ಬೆಂಕಿ ಬೀಳುವುದು ಹೇಗೆ?

ಬ್ಯಾರನ್ನಿಗೆ ಬೆಂಕಿ ಬಿದ್ದು ಬೆಳೆಯೆಲ್ಲ ಹೋಯಿತೆಂಬ ಸುದ್ದಿ ಹಂಗಾಮಿನಲ್ಲಿ ಪತ್ರಿಕೆಗಳಿಗೆ ಹೊಸತಲ್ಲ. ಕಾರಣ ಹೆಚ್ಚಾಗಿ ಸಣ್ಣದು. ಒಣಗಿದ ಎಲೆಯೊಂದು ಕಡ್ಡಿಯಿಂದ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು. ಆದ್ದರಿಂದ ಕೊಳವೆಗಳ ಮೇಲೆ ತಂತಿಬಲೆ ಇರಲೇಬೇಕು, ಕೆಳಸಾಲಿನ ಎಲೆಗೂ ಕೊಳವೆಗೂ ಧಾರಾಳ ಅಂತರ ಇರಬೇಕು. ತುಕ್ಕು ತಿಂದ ಕೊಳವೆಯ ತೂತು ಎರಡನೆಯ ಕಾರಣ. ಹಂಗಾಮಿಗೆ ಮುಂಚೆ ಒಂದು ಕತ್ತಲೆಯ ಸಂಜೆ ಖಾಲಿ ಬ್ಯಾರನ್ನಿನಲ್ಲಿ ಸಣ್ಣ ಬೆಂಕಿ ಹಾಕಿ, ಹೊರಗಿನಿಂದ ಬಾಗಿಲ ಸಂದಿಯಲ್ಲಿ ನೋಡಿದರೆ ಬೆಳಕು ಇಣುಕುವ ಜಾಗ, ಹೊಗೆ ಸೋರುವ ಕೀಲು ಗೊತ್ತಾಗುತ್ತದೆ. ತೇಪೆ ಹಾಕುವುದಕ್ಕಿಂತ ಆ ತುಂಡನ್ನೇ ಬದಲಿಸುವುದು ಒಳ್ಳೆಯದು.

ಕೊಳವೆ ಗೋಡೆ ದಾಟುವ ಕಡೆ ಮರದ ತೊಲೆ, ಚೌಕಟ್ಟು ತಾಗಬಾರದು. ಮರ ದಿನವೂ ಕಾದು ಕಾದು ಒಳಗೊಳಗೇ ಇದ್ದಿಲಾಗಿ, ಒಂದು ದಿನ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ. ಚಿಮಣಿಯ ತುದಿ ಮಾಡಿನ ನೆತ್ತಿಗಿಂತ ಎತ್ತರವಿದ್ದರೆ ಎಳೆತವೂ ಚೆನ್ನ, ಕಿಡಿ ಮಾಡಿನ ಮೇಲೆ ಬೀಳುವ ಭಯವೂ ಕಡಿಮೆ. ಒಲೆಬಾಯಿಯ ಮುಂದೆ ಮಳೆಗೆ ಮರೆಯೆಂದು ತೆಂಗಿನ ಗರಿಯ ಚಪ್ಪರ ಹಾಕುವುದು, ಹಸಿ ಸೌದೆ ಒಣಗಲೆಂದು ಒಲೆಗೆ ಒರಗಿಸಿಡುವುದು, ಇವೆರಡೂ ಕೈಯಾರೆ ಕರೆದ ಆಪತ್ತು.

ಸೌದೆಯ ಲೆಕ್ಕ ಇಲ್ಲೇ ಹೇಳಬೇಕು, ಏಕೆಂದರೆ ಅದು ಸುರಕ್ಷತೆಯ ಲೆಕ್ಕವೂ ಹೌದು. ಹಸಿ ಎಲೆಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ನೀರು. ಒಂದು ಕಿಲೋ ಹದವಾದ ಎಲೆಗೆ ಸುಮಾರು ಐದು ಕಿಲೋ ನೀರು ಆವಿಯಾಗಬೇಕು. ಅದಕ್ಕೆ ಬೇಕಾದ ಶಾಖ ಒಂದು ಕಿಲೋ ಒಣ ಸೌದೆಯಲ್ಲಿದೆ. ಆದರೆ ಹಳೆಯ ಮಾದರಿಯ ಬ್ಯಾರನ್ನು ನುಂಗುವುದು ನಾಲ್ಕೈದು ಕಿಲೋ. ಉಳಿದದ್ದು ಚಿಮಣಿ, ಮಾಡು, ಗೋಡೆಗಳ ಮೂಲಕ ಆಕಾಶಕ್ಕೆ. ಇದನ್ನು ಕಂಡು ಚಿಮಣಿಯ ಬಾಯಿ ಕಿರಿದು ಮಾಡುವವರಿದ್ದಾರೆ. ಅದು ತಪ್ಪು ದಾರಿ. ಒಂದು ಕಿಲೋ ಸೌದೆ ಸರಿಯಾಗಿ ಉರಿಯಲು ಕಡೇಪಕ್ಷ ನಾಲ್ಕು ಘನ ಮೀಟರ್ ಗಾಳಿ ಬೇಕು. ಎಳೆತ ಕಡಿಮೆಯಾದರೆ ಉರಿ ಹೊಗೆಯಾಗುತ್ತದೆ, ಕೊಳವೆಯಲ್ಲಿ ಮಸಿ ಕಟ್ಟುತ್ತದೆ, ಆ ಮಸಿಯೇ ಮುಂದೊಂದು ದಿನ ಹೊತ್ತಿಕೊಳ್ಳುತ್ತದೆ. ಉಳಿತಾಯ ಮಾಡಬೇಕಾದದ್ದು ಒಣಗಿದ ಸೌದೆ, ಒಲೆಯೊಳಗೆ ಕಬ್ಬಿಣದ ಜಾಲರಿ, ಶಾಖ ಸೋರದ ಮಾಡು, ಇವುಗಳಿಂದ.

ಹೊಗೆಯಿಲ್ಲದ ಕೆಂಡ

ಬೆಂಕಿ ಕಣ್ಣಿಗೆ ಕಾಣುತ್ತದೆ, ಕೂಗಿ ಜನ ಸೇರಿಸಬಹುದು. ಕಾಣದ ಅಪಾಯ ಇರುವುದು ರೇಷ್ಮೆ ಮನೆಯಲ್ಲಿ. ಚನ್ನರಾಯಪಟ್ಟಣ, ಹೊಳೆನರಸೀಪುರ ತಾಲ್ಲೂಕುಗಳ ಹಿಪ್ಪುನೇರಳೆ ಬೆಳೆಗಾರರಿಗೆ ಚಳಿಗಾಲ ಎಂದರೆ ಆತಂಕ. ಚಾಕಿ ಹುಳುವಿಗೆ 27–28 ಡಿಗ್ರಿ ಶಾಖ, ನೂರಕ್ಕೆ 85ರಷ್ಟು ತೇವ ಬೇಕು. ಕೊನೆಯ ಜ್ವರ ಕಳೆದ ಹುಳುವಿಗೂ 23–25 ಡಿಗ್ರಿ ಬೇಕು. ಹೊಗೆ ಹುಳುವಿಗೆ ಆಗದು. ಆದ್ದರಿಂದ ಅಗ್ಗಿಷ್ಟಿಕೆಯಲ್ಲಿ ನಿಗಿನಿಗಿ ಕೆಂಡ ತುಂಬಿ ಒಳಗಿಟ್ಟು, ಕಿಟಕಿ ಸಂದಿಗಳಿಗೆ ಗೋಣಿ ತುರುಕಿ, ರಾತ್ರಿ ಸೊಪ್ಪು ಕೊಡಲು ಅನುಕೂಲವೆಂದು ಅಲ್ಲೇ ಚಾಪೆ ಹಾಕಿ ಮಲಗುವುದುಂಟು.

ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ. ಹೊಗೆಯಿಲ್ಲದ ಬೆಂಕಿಯೇ ಹೆಚ್ಚು ನಂಬಿಕೆಗೆ ಅರ್ಹವಲ್ಲ ಎನ್ನುವುದನ್ನು ಗಾದೆ ಹೇಳುವುದಿಲ್ಲ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಅದರ ಅಣುತೂಕ 28, ಗಾಳಿಯದು ಸರಾಸರಿ 29. ಹಾಗಾಗಿ ಮೇಲೂ ಏರದೆ ಕೆಳಗೂ ಇಳಿಯದೆ ಕೋಣೆಯ ತುಂಬ ಬೆರೆಯುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಓಕರಿಕೆ, ಮಂಪರು. ಮಲಗಿದವರಿಗೆ ಇದೊಂದೂ ಗೊತ್ತಾಗುವುದಿಲ್ಲ. ಬ್ರಿಟನ್ನಿನ ವಿಜ್ಞಾನಿ ಜೆ. ಎಸ್. ಹಾಲ್ಡೇನ್ ಈ ಅನಿಲವನ್ನು ಅಭ್ಯಸಿಸಿ ಗಣಿಗಳಲ್ಲಿ ಪುಟ್ಟ ಪ್ರಾಣಿಗಳನ್ನು ಮುನ್ಸೂಚನೆಗೆ ಬಳಸಲು ಸಲಹೆ ಮಾಡಿದ. ಅಲ್ಲಿನ ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಹಕ್ಕಿಗಳು ಈ ಕೆಲಸ ಮಾಡಿದವು.

ಪರಿಹಾರ ಬ್ಯಾರನ್ನಿನಲ್ಲೇ ಇದೆ. ರೇಷ್ಮೆ ಮನೆಗೂ ಒಲೆಯನ್ನು ಗೋಡೆಯಾಚೆ ಕಟ್ಟಿ, ಕೊಳವೆಯನ್ನು ಮಾತ್ರ ಒಳಗೆ ಹಾಯಿಸಿದರೆ ಹುಳುವೂ ಕ್ಷೇಮ, ಮನೆಯವರೂ ಕ್ಷೇಮ. ಆಗದಿದ್ದರೆ ವಿದ್ಯುತ್ ಹೀಟರು. ಅದಕ್ಕೆ ಭೂಸಂಪರ್ಕ ಸರಿಯಿರಬೇಕು, ದಪ್ಪ ತಂತಿ ಬೇಕು. ತೇವಕ್ಕೆಂದು ತೂಗುಹಾಕಿದ ಒದ್ದೆ ಗೋಣಿ ಅದರ ಹತ್ತಿರ ಸುಳಿಯಬಾರದು. ಕೋಳಿಮರಿಗಳ ಮನೆಗೆ ಮೊದಲ ವಾರ 33ರಿಂದ 35 ಡಿಗ್ರಿ ಬೇಕೆಂದು ಗ್ಯಾಸ್ ಬ್ರೂಡರ್ ತೂಗುಹಾಕುವವರೂ ಪರದೆಯ ಮೇಲ್ಭಾಗವನ್ನು ಒಂದು ಗೇಣು ತೆರೆದಿಡಬೇಕು. ಫ್ಯಾನಿನಿಂದ ಬಿಸಿಗಾಳಿ ಊದುವ ಹೊಸ ಯಂತ್ರಗಳಲ್ಲಿ ಇನ್ನೊಂದು ಪ್ರಶ್ನೆ: ಕರೆಂಟು ಹೋದಾಗ ಫ್ಯಾನ್ ನಿಂತರೆ ಬೆಂಕಿ ತಾನಾಗಿ ನಿಲ್ಲುತ್ತದೆಯೇ? ಮಾರುವವನು ಹೌದೆಂದರೆ ಸಾಲದು, ಸ್ವಿಚ್ ಆರಿಸಿ ತೋರಿಸಬೇಕು.

ಹಾಸನ ನಗರದ ಓದುಗರಿಗೆ ಇದೆಲ್ಲ ಹಳ್ಳಿಯ ಮಾತು ಎನಿಸಬಹುದು. ಹಿಂದೆ ಬಚ್ಚಲ ಹಂಡೆಯ ಒಲೆಬಾಯಿ ಗೋಡೆಯಾಚೆ ಇರುತ್ತಿತ್ತು. ಈಗ ಮುಚ್ಚಿದ ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಕೂತಿದೆ. ಅದರ ವಿಷಾನಿಲಕ್ಕೆ ಸ್ನಾನಕ್ಕೆ ಹೋದವರು ಬಲಿಯಾದ ಪ್ರಕರಣಗಳು ಕರ್ನಾಟಕದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಆ ವಾಸನೆ ಗ್ಯಾಸಿನದಲ್ಲ, ಬೇಕೆಂದೇ ಬೆರೆಸಿದ್ದು. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಶಾಲೆಯಲ್ಲಿ, ಹೀಟರುಗಳಿಗೆಂದು ತಂದ ಅನಿಲ ಸೋರಿ ಸ್ಫೋಟಿಸಿ ಸುಮಾರು 300 ಜನ ಸತ್ತರು, ಬಹುಪಾಲು ಮಕ್ಕಳು. ಅಲ್ಲಿಂದಾಚೆಗೆ ಅನಿಲಕ್ಕೆ ವಾಸನೆ ಬೆರೆಸುವುದು ಕಡ್ಡಾಯವಾಗುತ್ತ ಬಂತು. ಆದರೆ ಗ್ಯಾಸು ಉರಿದ ಮೇಲೆ ಆ ವಾಸನೆಯೂ ಉರಿದುಹೋಗಿರುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಬೆರೆಸುವವರಿಲ್ಲ. ಗೀಸರನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ ಬಿಸಿನೀರಿನ ಪೈಪು ಮಾತ್ರ ಒಳತರುವುದೇ ಉಪಾಯ.

ರೇಷ್ಮೆ ಮನೆಯಲ್ಲಾಗಲಿ ಬಚ್ಚಲಲ್ಲಾಗಲಿ ಯಾರಾದರೂ ಕುಸಿದಿದ್ದು ಕಂಡರೆ ಮೊದಲು ಬಾಗಿಲು ಕಿಟಕಿ ತೆರೆದು, ಅವರನ್ನು ಬಯಲಿಗೆ ಎಳೆದು ತರಬೇಕು. ಒಳಗೇ ನಿಂತು ಎಬ್ಬಿಸುತ್ತ ಕೂತರೆ ಎಬ್ಬಿಸುವವರೂ ಬೀಳುತ್ತಾರೆ. ಕೂಡಲೇ 108ಕ್ಕೆ ಫೋನು ಮಾಡಬೇಕು. ಆಸ್ಪತ್ರೆಯಲ್ಲಿ ವೈದ್ಯರಿಗೆ ಕೋಣೆಯಲ್ಲಿ ಕೆಂಡವಿತ್ತು ಅಥವಾ ಗೀಸರ್ ಉರಿಯುತ್ತಿತ್ತು ಎಂದು ತಪ್ಪದೆ ಹೇಳಬೇಕು. ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕ ಈ ವಿಷವನ್ನು ಗುರುತಿಸಲಾರದು. ರೋಗಿಯ ಉಸಿರು ನಿಲ್ಲುವ ಹಂತದಲ್ಲಿದ್ದಾಗಲೂ ಅದು ಎಲ್ಲ ಸರಿಯಿದೆ ಎಂಬ ಅಂಕಿ ತೋರಿಸಬಲ್ಲದು.