ಕೊಬ್ಬರಿ ಪೇಟೆಯ ಕುರ್ಚಿ ಲೆಕ್ಕ

ತಿಪಟೂರಿನಲ್ಲಿ ರಾಜಕೀಯ ಮಾತಾಡಬೇಕಾದರೆ ಮೊದಲು ಕೊಬ್ಬರಿ ರೇಟು ಕೇಳಬೇಕು. ಬೆಂಗಳೂರು–ಅರಸೀಕೆರೆ ರೈಲು ಮಾರ್ಗದ ಈ ಊರಿನ ಎಪಿಎಂಸಿಗೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಅಟ್ಟಗಳಿಂದಲೂ ಉಂಡೆ ಕೊಬ್ಬರಿ ಬರುತ್ತದೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು ನೀರಿಂಗಿದ ಕಾಯಿಯನ್ನು ಸುಲಿದು, ಚಿಪ್ಪು ಒಡೆದು, ಚೀಲ ತುಂಬಿ ತರುತ್ತಾರೆ. ಟೆಂಡರಿನಲ್ಲಿ ಬಿಕರಿಯಾದ ಮಾಲಿನ ಬಹುಪಾಲು ಉತ್ತರ ಭಾರತದ ಹಬ್ಬ, ಮದುವೆಗಳಿಗೆ ಹೋಗುತ್ತದೆ. ವರ್ಷದ ಬೆಳೆ ಅಟ್ಟದಲ್ಲಿರುವಾಗಲೇ ಅಲ್ಲಿ ಬೇಡಿಕೆ ಕುಸಿದರೆ ಇಲ್ಲಿನವರಿಗೆ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ.

ಶಾಸಕರ ವಿಷಯದಲ್ಲಿ ಮಾತ್ರ ಇವರು ಹಾಗೆ ಕಾಯುವವರಲ್ಲ. 2008ರಲ್ಲಿ ಬಿಜೆಪಿಯ ಬಿ.ಸಿ. ನಾಗೇಶ್, 2013ರಲ್ಲಿ ಕಾಂಗ್ರೆಸ್ಸಿನ ಕೆ. ಷಡಕ್ಷರಿ, 2018ರಲ್ಲಿ ಮತ್ತೆ ನಾಗೇಶ್, 2023ರಲ್ಲಿ ಮತ್ತೆ ಷಡಕ್ಷರಿ. 2018ರಲ್ಲಿ ತೆಂಗಿನ ಸೀಮೆಯ ಮೂರೂ ಕ್ಷೇತ್ರಗಳು ಬಿಜೆಪಿಗೆ ಒಲಿದಿದ್ದವು; ಐದು ವರ್ಷ ಕಳೆಯುವಷ್ಟರಲ್ಲಿ ಮೂರೂ ಕೈಬಿಟ್ಟವು. ತುರುವೇಕೆರೆಯಲ್ಲಿ ಎಂ.ಟಿ. ಕೃಷ್ಣಪ್ಪ, ಚಿಕ್ಕನಾಯಕನಹಳ್ಳಿಯಲ್ಲಿ ಸಿ.ಬಿ. ಸುರೇಶ್‌ಬಾಬು ಜೆಡಿಎಸ್‌ನಿಂದ ಗೆದ್ದರು. ಶಿಕ್ಷಣ ಸಚಿವ ನಾಗೇಶ್, ಕಾನೂನು ಸಚಿವ ಜೆ.ಸಿ. ಮಾಧುಸ್ವಾಮಿ ಇಬ್ಬರೂ ಸೋತರು. ಆ ಬೇಸಿಗೆಯಲ್ಲಿ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಕಾಗದದ ಮೇಲಿತ್ತು, ಪೇಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ಸೋಲಿಗೆ ಅದೊಂದೇ ಕಾರಣ ಎಂದರೆ ತಪ್ಪಾದೀತು. ಅದನ್ನು ಬಿಟ್ಟು ಲೆಕ್ಕ ಹಾಕಿದರೂ ತಪ್ಪೇ.

ನಗರಸಭೆಯ ಕಥೆ ಬೇರೆ. ಇಲ್ಲಿ ಗೆಲ್ಲುವುದು ಒಂದು ಕೆಲಸ, ಕುರ್ಚಿ ಸಿಗುವುದು ಇನ್ನೊಂದು. 31 ವಾರ್ಡುಗಳಿಗೆ ಮತದಾನ ನಡೆದದ್ದು 2019ರ ಮೇ 29ರಂದು. ಅದಕ್ಕೆ ಆರು ದಿನ ಮೊದಲಷ್ಟೇ ಇದೇ ತುಮಕೂರು ಲೋಕಸಭಾ ಕ್ಷೇತ್ರದಲ್ಲಿ ಎಚ್.ಡಿ. ದೇವೇಗೌಡರು ಜಿ.ಎಸ್. ಬಸವರಾಜು ಅವರೆದುರು ಸೋತಿದ್ದರು. ಮಾಜಿ ಪ್ರಧಾನಿಯ ಸೋಲಿನ ಚರ್ಚೆ ಚಹಾದಂಗಡಿಗಳಲ್ಲಿ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ವಾರ್ಡಿನ ಫಲಿತಾಂಶವೂ ಬಂತು. ಆಮೇಲೆ ಎಲ್ಲ ತಣ್ಣಗಾಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಕೋರ್ಟು ಮೆಟ್ಟಿಲೇರಿ, ರಾಜ್ಯದ ಹತ್ತಾರು ಊರುಗಳ ಹಾಗೆ ಇಲ್ಲೂ ಗೆದ್ದವರು ಮುಂದಿನ ವರ್ಷದ ಕೊನೆಯವರೆಗೆ ಬರಿಗೈಯಲ್ಲಿ ಕೂತರು. ಅಧಿಕಾರ ಆಡಳಿತಾಧಿಕಾರಿಯದು. ಮೊದಲ ಅವಧಿಯ ಮೂವತ್ತು ತಿಂಗಳು ಮುಗಿದ ಮೇಲೂ ಅದೇ ಪಾಡು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ.

ಈ ಖಾಲಿ ಅವಧಿಯಲ್ಲೇ ಶಾಸಕರು ಬದಲಾದರು ಎಂಬುದನ್ನು ಗಮನಿಸಬೇಕು. ಅಧ್ಯಕ್ಷರ ಆಯ್ಕೆಯಲ್ಲಿ ಸದಸ್ಯರ ಜೊತೆ ಶಾಸಕರಿಗೂ ಸಂಸದರಿಗೂ ಮತವಿದೆ. ಕಾನೂನಿನಲ್ಲಿ ಅದು ತಲಾ ಒಂದೇ ಮತ. ಆದರೆ ಅನುದಾನ ತರುವ ಕೈ ಯಾವುದೆಂದು ಸದಸ್ಯರಿಗೆ ಗೊತ್ತು, ಪಕ್ಷೇತರರಿಗಂತೂ ಚೆನ್ನಾಗಿಯೇ ಗೊತ್ತು. ಹೀಗಾಗಿ ವಾರ್ಡಿನ ಮತದಾರ 2019ರಲ್ಲಿ ಒತ್ತಿದ ಗುಂಡಿಗೂ 2024ರಲ್ಲಿ ಕುರ್ಚಿ ಏರಿದವರಿಗೂ ನಂಟು ಹುಡುಕುವುದು ಕಷ್ಟ.

ಮತದಾರನೂ ಆ ನಂಟನ್ನು ಅಷ್ಟಾಗಿ ಹುಡುಕಿದಂತಿಲ್ಲ. ಹೇಮಾವತಿ ನೀರು ಈಚನೂರು ಕೆರೆಗೆ ಬಂತೇ, ನಲ್ಲಿಗೆ ಯಾವ ದಿನ ಬಿಡುತ್ತಾರೆ, ಒಳಚರಂಡಿಗೆಂದು ಅಗೆದ ರಸ್ತೆ ಯಾವಾಗ ಮುಚ್ಚುತ್ತಾರೆ, ಇ-ಖಾತೆ ಯಾರ ಮೇಜಿನ ಮೇಲಿದೆ – ಕೇಳುವುದು ಇವನ್ನೇ. ಸದಸ್ಯರಾಗಲಿ ಆಡಳಿತಾಧಿಕಾರಿಯಾಗಲಿ, ಫೋನು ಎತ್ತಿದವರನ್ನು ಕೇಳುತ್ತಾರೆ.