ಒಂದೇ ನೊಣ, ಬೇರೆ ಬೇರೆ ರಕ್ತ

ಮಳೆಗಾಲದ ಸಂಜೆ. ಸಿರುಗುಪ್ಪದ ಹೊರಗೆ ತುಂಗಭದ್ರಾ ಕಾಲುವೆಯ ನೀರು ಭತ್ತದ ಗದ್ದೆಗಳ ತುಂಬ ನಿಂತಿದೆ. ನಾಟಿ ಮುಗಿಸಿದ ಹೆಂಗಸರು ಕೆಸರುಗಾಲಲ್ಲೇ ಟಂಟಂ ಹತ್ತುತ್ತಿದ್ದಾರೆ. ಎಮ್ಮೆಗಳು ಬಾಲ ಬೀಸುತ್ತ, ಮೈ ಜಾಡಿಸುತ್ತ ಊರಿನತ್ತ ಹೊರಟಿವೆ. ಬೆನ್ನಿಗೆ ಕೂತ ದೊಡ್ಡ ನೊಣಗಳು ಜಪ್ಪಯ್ಯ ಅಂದರೂ ಬಿಡವು; ಕಚ್ಚಿದಲ್ಲಿ ರಕ್ತ ಜಿನುಗುತ್ತದೆ. ಒಂದು ಎಮ್ಮೆ ಮಾತ್ರ ತಲೆ ಇಳಿಬಿಟ್ಟು ಹಿಂದೆ ಉಳಿದಿದೆ. “ಮೇವು ಮುಟ್ಟವಲ್ದ್ರಿ ಡಾಕ್ಟ್ರೇ. ಜ್ವರ ಬರ್ತೈತಿ, ಬಿಡ್ತೈತಿ” ಎಂದು ಒಡೆಯ ಫೋನಿನಲ್ಲಿ ಹೇಳುತ್ತಿದ್ದಾನೆ.

ಇಂಥ ಜ್ವರ ಕಂಡಾಗ ಪಶುವೈದ್ಯರು ಸರ್ರಾ ರೋಗವನ್ನೂ ಅನುಮಾನಿಸುತ್ತಾರೆ. ನೊಣ ಕಚ್ಚಿ ಹರಡುವ ಟ್ರಿಪನೊಸೋಮಾ ಇವಾನ್ಸಿ ಎಂಬ ಪರಾವಲಂಬಿ ಇದಕ್ಕೆ ಮೂಲ. 1880ರಲ್ಲಿ ಗ್ರಿಫಿತ್ ಇವಾನ್ಸ್ ಅಂದಿನ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಇದನ್ನು ಕಂಡರು.

ಕುರುಗೋಡಿನಲ್ಲಿ ಬಂಡೆಗುಡ್ಡಗಳ ಕಾವು ಇನ್ನೂ ಆರಿಲ್ಲ. ದೊಡ್ಡಬಸವೇಶ್ವರನಿಗೆ ಕೈಮುಗಿದು ಬಂದ ರೈತ ಹಟ್ಟಿಯಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದಾನೆ. ಎತ್ತಿಗೆ ಕಚ್ಚಿದ ನೊಣ ಅವನ ತೋಳಿಗೂ ಕಚ್ಚುತ್ತದೆ. ಆದರೆ ಸಾಮಾನ್ಯವಾಗಿ ಮನುಷ್ಯನಿಗೆ ಸರ್ರಾ ಅಂಟುವುದಿಲ್ಲ. ನಮ್ಮ ರಕ್ತದಲ್ಲಿರುವ ಅಪೊಎಲ್-1 ಎಂಬ ಪ್ರೋಟೀನು ಆ ಜೀವಿಯ ಒಳಹೊಕ್ಕು, ತೂತು ಕೊರೆದು, ಉಬ್ಬಿಸಿ ಒಡೆಯುತ್ತದೆ.

2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಬ್ಬ ರೈತನಿಗೆ ಈ ಕಾವಲು ಇರಲಿಲ್ಲ. ಬಿಟ್ಟುಬಿಟ್ಟು ಬರುತ್ತಿದ್ದ ಜ್ವರದ ಮೂಲ ಹುಡುಕಿದಾಗ ಅವನ ರಕ್ತದಲ್ಲಿ ಸರ್ರಾದ ಜೀವಿ ಸಿಕ್ಕಿತು. ಆ ಪ್ರೋಟೀನು ತಯಾರಿಸುವ ಜೀನಿನ ಎರಡೂ ಪ್ರತಿಗಳು ಅವನಲ್ಲಿ ಕೆಟ್ಟಿದ್ದವು. ಸುರಾಮಿನ್ ಔಷಧದಿಂದ ಅವನು ಚೇತರಿಸಿಕೊಂಡ.

ಇದೇ ಕುಲದ ಇನ್ನೊಂದು ಜೀವಿ ದಕ್ಷಿಣ ಅಮೆರಿಕದಲ್ಲಿ ಹೃದಯಕ್ಕೇ ಕೈಹಾಕುತ್ತದೆ. 1909ರಲ್ಲಿ ಬ್ರೆಜಿಲ್ಲಿನ ವೈದ್ಯ ಕಾರ್ಲೋಸ್ ಚಾಗಸ್ ಗುರುತಿಸಿದ ರೋಗ ಅದು. ತಿಗಣೆ ಜಾತಿಯ ದೊಡ್ಡ ಕೀಟ ಅದನ್ನು ಹರಡುತ್ತದೆ. ಸೋಂಕು ದಶಕಗಟ್ಟಲೆ ಮೈಯಲ್ಲಿ ಅಡಗಿದ್ದು, ಮೂವರಲ್ಲಿ ಒಬ್ಬರವರೆಗೆ ಹೃದಯವನ್ನು ಕೆಡಿಸುತ್ತದೆ. ಉಳಿದವರಲ್ಲಿ ಹಲವರು ಆರೋಗ್ಯವಾಗಿಯೇ ಬಾಳುತ್ತಾರೆ. ಈ ವ್ಯತ್ಯಾಸಕ್ಕೆ ರೋಗನಿರೋಧಕ ಶಕ್ತಿಯನ್ನು ನಡೆಸುವ ಜೀನುಗಳೂ ಒಂದು ಕಾರಣ ಎನ್ನುತ್ತಾರೆ ಸಂಶೋಧಕರು.

ಬಳ್ಳಾರಿ ನಗರಕ್ಕೆ ಬಂದರೆ, ಕೋಟೆಗುಡ್ಡದ ಕೆಳಗೆ ಬಿಸಿಲು ಸುಡುತ್ತಿದೆ. ಹಳ್ಳಿಗಳಿಂದ ಮೊದಲ ಬಸ್ಸು ಹಿಡಿದು ಬಂದವರು ಆಸ್ಪತ್ರೆಯ ಚೀಟಿ ಸಾಲಿನಲ್ಲಿ ನಿಂತಿದ್ದಾರೆ. ಏದುಸಿರು ಬಿಡುವ ಅಪ್ಪನ ತೋಳು ಹಿಡಿದ ಮಗ, ಕಾಲು ಬಾತ ಅಜ್ಜಿ. ಚಾಗಸ್ ಇಲ್ಲಿನ ರೋಗವಲ್ಲ. ಆದರೆ ಹೃದಯದ ದೌರ್ಬಲ್ಯ ವಂಶದಲ್ಲಿ ಹರಿದುಬರುವುದು ಇಲ್ಲಿಯೂ ಉಂಟು. ಹೃದಯದ ಸ್ನಾಯುವನ್ನು ಬಲಹೀನಗೊಳಿಸುವ ಜೀನಿನ ಒಂದು ದೋಷ ಭಾರತ ಉಪಖಂಡದ ನೂರು ಮಂದಿಯಲ್ಲಿ ಸುಮಾರು 4 ಮಂದಿಗಿದೆ ಎಂದು 2009ರ ಅಧ್ಯಯನವೊಂದು ತೋರಿಸಿತು.

ಹೀಗೆ ಹುಟ್ಟಿನಿಂದ ಬಂದದ್ದು ಯಾರ ಪಾಪವೂ ಅಲ್ಲ, ಹಣೆಬರಹವೂ ಅಲ್ಲ. ಮನೆಯಲ್ಲಿ ಒಬ್ಬರ ಹೃದಯ ಚಿಕ್ಕ ವಯಸ್ಸಿನಲ್ಲೇ ಸೋತಿದ್ದರೆ ಉಳಿದವರೂ ಇಸಿಜಿ, ಎಕೋ ಮಾಡಿಸಿಕೊಳ್ಳಿ. ದನಕ್ಕೆ ಜ್ವರ ಬಂದರೆ ಪಶುವೈದ್ಯರಿಗೆ ತೋರಿಸಿ. ದನ ಮೇಯಿಸುವವರಿಗೆ ಬಿಟ್ಟುಬಿಟ್ಟು ಜ್ವರ ಬರುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಮನೆಯಲ್ಲಿ ದನ ಇರುವುದನ್ನೂ ವೈದ್ಯರಿಗೆ ಮರೆಯದೆ ಹೇಳಿ.